ಕಣ್ಣಳತೆಯ ಉಕ್ಕು

ಕುಲುಮೆಯಲ್ಲಿಟ್ಟ ಕಬ್ಬಿಣವನ್ನು ಯಾವ ಕೆಂಪಿನಲ್ಲಿ ಹೊರತೆಗೆಯಬೇಕೆಂಬುದನ್ನು ಕಮ್ಮಾರನ ಪಳಗಿದ ಕಣ್ಣೇ ನಿರ್ಣಯಿಸುತ್ತದೆ. ಕುಡುಗೋಲಿಗೂ ಗುದ್ದಲಿಗೂ ಆ ನಿರ್ಣಯವು ಸಾಕು. ಆದರೆ ಮುಖದಿಂದ ಗೇಣುದೂರದಲ್ಲಿದ್ದು, ಚದರ ಅಂಗುಲಕ್ಕೆ ಸುಮಾರು 50,000 ಪೌಂಡುಗಳ ಒತ್ತಡವನ್ನು ತಡೆಯಬೇಕಾದ ಉಕ್ಕಿಗೂ ಕಣ್ಣಳತೆಯೇ ಪ್ರಮಾಣವಾದರೆ ಏನಾದೀತು? ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸ್ಪ್ರಿಂಗ್‌ಫೀಲ್ಡ್ ಕೋವಿಯ ಚರಿತ್ರೆಯು ಈ ಪ್ರಶ್ನೆಗೆ ಉತ್ತರವನ್ನು ಹೇಳುವುದು.

ಈ ಕೋವಿಯನ್ನು ಆ ದೇಶದ ಸೈನ್ಯವು 1903ರಲ್ಲಿ ಅಂಗೀಕರಿಸಿತು. ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್, ಇಲಿನಾಯಿಯ ರಾಕ್ ಐಲೆಂಡ್ ಎಂಬೆರಡು ಸರ್ಕಾರಿ ಶಸ್ತ್ರಾಗಾರಗಳಲ್ಲಿ ಅದು ತಯಾರಾಗುತ್ತಿತ್ತು. ಅದರ ತೋಟಾಕ್ಕೆ 30-06 ಎಂದು ಹೆಸರು. 30 ಎಂಬುದು ಅಂಗುಲದ ನೂರು ಪಾಲಿನಲ್ಲಿ ನಳಿಗೆಯ ವ್ಯಾಸ. 06 ಎಂಬುದು ಆ ತೋಟಾ ಬಳಕೆಗೆ ಬಂದ 1906ನೆಯ ಇಸವಿ. ಕಾಲಾಂತರದಲ್ಲಿ ಸೈನ್ಯವು ಬೇಡವೆಂದು ಮಾರಿದ ಈ ಕೋವಿಗಳು ಗೃಹಸ್ಥರ ಕೈಸೇರಿದುವು. ಅಜ್ಜನಿಂದ ಮೊಮ್ಮಗನಿಗೆ ಬಂದ ಅಂತಹ ಕೋವಿಯನ್ನು ಹೆಗಲಿಗೇರಿಸಿ, ಅನುಮತಿಪತ್ರವನ್ನು ಪಡೆದು, ಶರತ್ಕಾಲದಲ್ಲಿ ಜಿಂಕೆಯ ಬೇಟೆಗೆ ಹೊರಡುವವರು ಅಲ್ಲಿ ಇಂದಿಗೂ ಉಂಟು. ಅವರಲ್ಲಿ ಅನೇಕರು ಹಾರಿಸಿದ ಹಿತ್ತಾಳೆಯ ಚಿಪ್ಪಿಗೆ ಹೊಸ ಕೇಪು, ಮದ್ದು, ಗುಂಡುಗಳನ್ನು ಕೂಡಿಸಿ ತೋಟಾಗಳನ್ನು ಕೈಯಾರೆ ತುಂಬಿಕೊಳ್ಳುವರು. ಎಷ್ಟು ಮದ್ದು ತುಂಬಿದರೆ ಕ್ಷೇಮವೆಂಬುದೇ ಅವರ ಮೊದಲ ಪ್ರಶ್ನೆ. ಆದರೆ ಅದಕ್ಕಿಂತಲೂ ಮೊದಲು ಕೇಳಬೇಕಾದುದು ಬೇರೊಂದು ಉಂಟು.

ನಳಿಗೆಯ ಬುಡವನ್ನು ಹಿಡಿದು ಬೋಲ್ಟಿಗೆ ಮನೆಯಾಗಿರುವ ಅಂಗವನ್ನು ರಿಸೀವರ್ ಎನ್ನುವರು. 1917ರಲ್ಲಿ ಕೆಲವು ಕೋವಿಗಳ ರಿಸೀವರುಗಳು ಗಾಜಿನಂತೆ ಒಡೆದು ಚೂರಾದುವು. ವಿಚಾರಣೆ ನಡೆಯಿತು. ನುರಿತ ಕೆಲಸಗಾರರು ಕಾದ ಉಕ್ಕಿನ ಬಣ್ಣವನ್ನು ನೋಡಿಯೇ ಶಾಖವನ್ನು ಅಳೆಯುತ್ತಿದ್ದರು. ಮೋಡದ ದಿನ ಉಜ್ವಲವಾಗಿ ಕಾಣುವ ಕೆಂಡದ ಬಣ್ಣವು ಬಿಸಿಲಿನ ದಿನ ಮಂಕಾಗಿ ತೋರುವುದು. ಇನ್ನೂ ಕಾಯಲೆಂದು ಬಿಟ್ಟ ಉಕ್ಕು ಸುಟ್ಟು ಪೆಡಸಾಗುವುದು. ಈ ಎರಡು ದಿನಗಳ ಶಾಖಕ್ಕೆ ಫಾರೆನ್‌ಹೀಟ್ ಮಾನದಲ್ಲಿ 300 ಡಿಗ್ರಿಗಳವರೆಗೂ ವ್ಯತ್ಯಾಸವಿದ್ದಿತೆಂದು ಜನರಲ್ ಜೂಲಿಯನ್ ಹ್ಯಾಚರ್ ತಮ್ಮ 1947ರ ಗ್ರಂಥದಲ್ಲಿ ವಿವರಿಸಿದ್ದಾರೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡಬೇಕೆಂಬ ಗಾದೆಗೆ ಇದಕ್ಕಿಂತ ಬೇರೆ ಭಾಷ್ಯ ಬೇಕೆ? ಕುಲುಮೆಗಳಿಗೆ ಪೈರೋಮೀಟರ್ ಎಂಬ ಉಷ್ಣಮಾಪಕವನ್ನು ಅಳವಡಿಸಿದರು. 1918ರಲ್ಲಿ ಹದದ ಕ್ರಮವನ್ನೇ ಬದಲಿಸಿದರು. ಸ್ಪ್ರಿಂಗ್‌ಫೀಲ್ಡಿನಲ್ಲಿ 8,00,000ಕ್ಕೂ, ರಾಕ್ ಐಲೆಂಡಿನಲ್ಲಿ 2,85,507ಕ್ಕೂ ಕೆಳಗಿನ ಸಂಖ್ಯೆಯುಳ್ಳ ಕೋವಿಗಳು ಹಳೆಯ ಹದದವು. ಅವನ್ನು ಹಾರಿಸಬಾರದೆಂಬುದೇ ಬಲ್ಲವರ ಸಲಹೆ.

ಇಲ್ಲಿ ಮೊಮ್ಮಗನು ಒಂದು ತರ್ಕವನ್ನು ಹೂಡುವನು: "ಅಜ್ಜನು ಇದನ್ನು ಸಾವಿರ ಸಲ ಹಾರಿಸಿದನು, ಒಡೆಯಲಿಲ್ಲ, ಆದುದರಿಂದ ಇದು ಒಡೆಯದು. ನಾನಾದರೋ ಮದ್ದನ್ನೂ ಕಡಿಮೆ ತುಂಬುವೆನು." ನೈಯಾಯಿಕರು ಈ ಹೇತುವನ್ನು ಸೋಪಾಧಿಕವೆಂದು ತಳ್ಳುವರು. ಹಿತ್ತಾಳೆಯ ಚಿಪ್ಪು ಹರಿಯದೆ ಇರುವವರೆಗೆ ಎಂಬುದೇ ಇಲ್ಲಿ ಅಡಗಿರುವ ಉಪಾಧಿ. ಈ ಕೋವಿಯಲ್ಲಿ ಚಿಪ್ಪಿನ ಬುಡದ ಸ್ವಲ್ಪ ಭಾಗಕ್ಕೆ ಸುತ್ತಲೂ ಉಕ್ಕಿನ ಆಸರೆಯಿಲ್ಲ. ಎಂದೋ ಒಂದು ದಿನ ದುರ್ಬಲವಾದ ಚಿಪ್ಪೊಂದು ಅಲ್ಲಿ ಹರಿದರೆ ಒಳಗಿನ ಅನಿಲವು ರಿಸೀವರಿನೊಳಕ್ಕೆ ನುಗ್ಗುವುದು. ಒಳ್ಳೆಯ ಉಕ್ಕು ಆಗ ಉಬ್ಬಿ, ಬಾಗಿ ತಡೆಯಬಹುದು, ಪೆಡಸಾದುದು ಸಿಡಿಯುವುದು. ಮದ್ದನ್ನು ಕಡಿಮೆ ಮಾಡಿದರೆ ಉಕ್ಕಿನ ದೋಷವು ಗುಣವಾಗದು.

ಸಂಖ್ಯೆಯು ಮೇಲಿನದಾಗಿದ್ದರೂ ಪರೀಕ್ಷೆ ತಪ್ಪಿದ್ದಲ್ಲ. ಬೋಲ್ಟಿಗೂ ತೋಟಾಕ್ಕೂ ನಡುವಣ ತೆರವು ಸವೆದು ಹೆಚ್ಚಿದೆಯೇ ಎಂಬುದನ್ನು ಕೋವಿಯ ಕೆಲಸ ಬಲ್ಲವನು ಅಳತೆಯ ಗೇಜುಗಳಿಂದ ನೋಡಬೇಕು. ತರುವಾಯವೇ ಮದ್ದಿನ ಮಾತು. ಅದನ್ನು ತೂಗುವುದು ಗ್ರೇನಿನಿಂದ. ಪೌಂಡಿಗೆ 7,000 ಗ್ರೇನು. ಒಂದು ಗುಲಗಂಜಿಯ ತೂಕವೇ ಎರಡು ಗ್ರೇನಿಗೆ ಸಮೀಪವೆಂದರೆ ಅದರ ಸೂಕ್ಷ್ಮತೆಯು ವಾಚಕರಿಗೆ ತಿಳಿಯುವುದು. ಮದ್ದು ತಯಾರಿಸುವವರು ಪರೀಕ್ಷಿಸಿ ಪ್ರಕಟಿಸಿದ ಪಟ್ಟಿಯಲ್ಲಿ ಆರಂಭದ ತೂಕವಿರುವುದು, ಅಲ್ಲಿಂದಲೇ ತೊಡಗಬೇಕು. ಚಿಪ್ಪು, ಕೇಪು, ಗುಂಡುಗಳಲ್ಲಿ ಒಂದನ್ನು ಬದಲಿಸಿದರೂ ಪುನಃ ಮೊದಲಿನಿಂದಲೇ. ಹಾಗೆಂದು ಕಡಿಮೆಯಾದಷ್ಟೂ ಕ್ಷೇಮವೆನ್ನುವಂತಿಲ್ಲ. ನಿಧಾನವಾಗಿ ಉರಿಯುವ ಕೆಲವು ಮದ್ದುಗಳನ್ನು ಪಟ್ಟಿಯ ಕನಿಷ್ಠಕ್ಕಿಂತ ಇಳಿಸಿದರೆ ಒತ್ತಡವು ಅನಿರೀಕ್ಷಿತವಾಗಿ ಏರುವುದುಂಟು. ಚಿಪ್ಪಿನ ಅರ್ಧಕ್ಕಿಂತ ಹೆಚ್ಚು ಸ್ಥಳವನ್ನು ತುಂಬುವ ಮದ್ದನ್ನು ಆರಿಸಿದರೆ, ಮರೆತು ಎರಡು ಸಲ ಸುರಿದಾಗ ಅದು ತಾನಾಗಿಯೇ ಹೊರಚೆಲ್ಲಿ ಎಚ್ಚರಿಸುವುದು.

ನೂರು ಗಜಗಳೊಳಗಿನ ಜಿಂಕೆಗೆ ಗುಂಡಿನ ವೇಗವು ಕ್ಷಣಕ್ಕೆ ನೂರು ಅಡಿ ಹೆಚ್ಚಾದರೂ ಕಡಿಮೆಯಾದರೂ ಭೇದವಿಲ್ಲ. ಗುರಿಯು ನೆಟ್ಟಗಿದ್ದರೆ ಪಟ್ಟಿಯ ಮಿತವಾದ ತೂಕವೇ ಸಾಕು. ಕೊನೆಯ ಗ್ರೇನಿನ ಆಸೆಯಿಂದ ಬೇಟೆಗೆ ದೊರೆಯುವ ಲಾಭವು ಅಲ್ಪ, ಕಳೆದುಕೊಳ್ಳಬಹುದಾದುದು ಕಣ್ಣು.

ಇನ್ನು ಕೆಳಗಿನ ಸಂಖ್ಯೆಯ ಕೋವಿಗೆ ಗೋಡೆಯ ಗೂಟವೇ ಯೋಗ್ಯವಾದ ಸ್ಥಾನ. ಅದನ್ನು ಅಲ್ಲಿ ತೂಗುಹಾಕುವುದರಿಂದ ಅಜ್ಜನ ನೆನಪಿಗೆ ಯಾವ ಅಗೌರವವೂ ಇಲ್ಲ. ಸೇವೆಯಿಂದ ನಿವೃತ್ತರಾದ ಹಿರಿಯರನ್ನು ಯಾರೂ ಮರಳಿ ಯುದ್ಧಕ್ಕೆ ಕಳುಹಿಸುವುದಿಲ್ಲವಷ್ಟೆ.