ಗ್ಯಾಸ್ ಕಟ್ಟೆ ಹತ್ತೋ ಬೆಕ್ಕು

ಈ ಸಲ ತೋಟದ ಮಾತು ಬಿಟ್ಟು ಬೆಕ್ಕಿನ ಮಾತು. ನಗಬೇಡಿ, ನಮ್ಮ ತಿಪಟೂರು ಸೀಮೇಲಿ ಕೊಬ್ಬರಿ ಮಾಡೋರ ಮನೇಲಿ ಬೆಕ್ಕೂ ಒಂದು ಆಳಿದ್ದ ಹಾಗೆ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿ ಆಗೋಕೆ ಹತ್ತಿರ ಹತ್ತಿರ 10-11 ತಿಂಗಳು. ಕೆಳಗೆ ರಾಗಿ ಚೀಲ, ಹಿಂಡಿ ಚೀಲ. ಬೆಕ್ಕಿಲ್ಲದಿದ್ರೆ ಇಲಿಗಳದ್ದೇ ರಾಜ್ಯ.

ನಮ್ಮ ಕರಿ ಬೆಕ್ಕು ಇಲಿ ಹಿಡಿಯೋದ್ರಲ್ಲಿ ಗಟ್ಟಿ. ಚಳಿ ಶುರುವಾದ ಮೇಲೆ ಗ್ಯಾಸ್ ಕಟ್ಟೆ ಹತ್ತಿ ಕೂರೋ ಚಟ ಹಿಡೀತು. ಒಂದು ಸಂಜೆ ಒಲೆ ಉರೀತಿದ್ದಾಗಲೇ ಹಾರಿ ಮೀಸೆ ಸುಟ್ಕೊಂಡಿತು. ನಮ್ಮಮ್ಮ, "ಇದನ್ನ ಚೀಲಕ್ಕೆ ಹಾಕಿ ದೂರ ಬಿಟ್ಟು ಬಾರಪ್ಪ, ಅಟ್ಟಕ್ಕೆ ಇಲಿ ಪಾಷಾಣ ಇಟ್ರಾಯ್ತು" ಅಂದ್ರು. ನಾನು ಒಂದು ತಿಂಗಳು ಟೈಮ್ ಕೇಳಿದೆ.

ಎರಡು ದಿನ ಸುಮ್ನೆ ನೋಡಿದೆ. ಅಡುಗೆ ಆದ ಮೇಲೆ ಕಟ್ಟೆ ಕಲ್ಲು ಬೆಚ್ಚಗಿರುತ್ತೆ. ಡೇರಿಗೆ ಹಾಕಿ ಉಳಿದ ಹಾಲಿನ ಪಾತ್ರೆ ಅಲ್ಲೇ. ಪಕ್ಕದ ಕಿಟಕೀಲಿ ಕೊಟ್ಟಿಗೆ ಪೂರ್ತಿ ಕಾಣುತ್ತೆ. ನಾನೇ ಬೆಕ್ಕಾಗಿದ್ರೂ ಅಲ್ಲೇ ಕೂರ್ತಿದ್ದೆ!

ಕೋಲಲ್ಲಿ ಹೊಡೆದ್ರೆ ಅದು ಕಲಿಯೋದು ಒಂದೇ: ಈ ಮನುಷ್ಯ ಇದ್ದಾಗ ಹತ್ತಬಾರದು. ರಾತ್ರಿ ಹತ್ತೇ ಹತ್ತುತ್ತೆ. ಒಲೆ ಹತ್ತಿರ ಇದ್ದಾಗ ಕೂಗಿದ್ರಂತೂ ಗಾಬರಿಗೆ ಬೆಂಕಿ ಮೇಲೇ ಹಾರುತ್ತೆ. ಮಾತಾಡದೆ ಎರಡು ಕೈಲಿ ಎತ್ತಿ ಕೆಳಗೆ ಬಿಡಿ, ಅಷ್ಟೇ. ಕೆಲವರು ಕಟ್ಟೆಗೆ ಫಿನಾಯಿಲ್ ಒರೆಸ್ತಾರೆ, ನುಸಿಗುಳಿಗೆ ಇಡ್ತಾರೆ, ಖಾರದ ಪುಡಿ ಉದುರಿಸ್ತಾರೆ. ಬೆಕ್ಕು ದಿನವಿಡೀ ಪಾದ ನೆಕ್ಕೋ ಪ್ರಾಣಿ. ಫಿನಾಯಿಲ್, ನುಸಿಗುಳಿಗೆ ಎರಡೂ ಅದಕ್ಕೆ ವಿಷ.

ಹಾಲಿನ ಪಾತ್ರೆ ಜಾಲರಿ ಬೀರು ಸೇರ್ತು. ಒಲೆ ಹಚ್ಚೋಕೆ ಮುಂಚೇನೇ ಬೆಕ್ಕಿಗೆ ಊಟ. ನಡುಮನೆ ಕಿಟಕಿಗೆ, ಗ್ಯಾಸ್ ಕಟ್ಟೆಗಿಂತ ಒಂದಡಿ ಎತ್ತರಕ್ಕೆ, ಅಡಿ ಅಗಲದ ಹಲಗೆ ಹೊಡೆದು ಗೋಣಿತಾಟು ಹಾಸಿದೆ. ಬೆಕ್ಕಿಗೆ ಎತ್ತರ ಬೇಕೇ ಬೇಕು, ಅದನ್ನ ಬಿಡಿಸೋಕೆ ಆಗಲ್ಲ, ಜಾಗ ಬದಲಾಯಿಸಬಹುದು. ಅಲ್ಲಿ ಹತ್ತಿದ ತಕ್ಷಣ ಬೆಣ್ಣೆ ಕಾಸಿದ ಗಸಿ ಕಡಲೆಕಾಳಷ್ಟು. ತಕ್ಷಣ ಅಂದ್ರೆ ತಕ್ಷಣ, ತಡವಾದ್ರೆ ಯಾಕೆ ಕೊಟ್ರು ಅಂತ ಅದಕ್ಕೆ ಗೊತ್ತಾಗಲ್ಲ. ರಾತ್ರಿ ಒಲೆ ಆರಿದ ಮೇಲೆ ಕಟ್ಟೆ ಅಂಚಿಗೆ ಹಳೇ ತಟ್ಟೆಗಳಿಟ್ಟು, ಅವುಗಳ ಮೇಲೆ ಎರಡೂ ಕಡೆ ಅಂಟೋ ಟೇಪು. ಪಾದಕ್ಕೆ ಅಂಟಿದ್ದು ಬೆಕ್ಕಿಗೆ ಆಗಲ್ಲ. ಬೆಳಗ್ಗೆ ತಟ್ಟೆ ತೆಗೆದೇ ಒಲೆ ಹಚ್ಚಬೇಕು.

ನಡುವೆ ಮಗಳು ಕಟ್ಟೆ ಹತ್ರಾನೇ ದೋಸೆ ಚೂರು ಕೊಟ್ಟು ಒಂದು ವಾರದ ಕೆಲಸ ಹಾಳು ಮಾಡಿದ್ಲು. ಮನೆಯವರೆಲ್ಲ ಒಂದೇ ರೀತಿ ಇರಬೇಕು, ಇಲ್ಲಾಂದ್ರೆ ಆಗಲ್ಲ. ಮೂರು ವಾರಕ್ಕೆ ಹಲಗೇನೇ ಅದರ ಜಾಗ ಆಯ್ತು. ಮಳೆ ದಿನ ಇನ್ನೂ ಒಂದೊಂದು ಸಲ ಕಟ್ಟೆ ಕಡೆ ನೋಡುತ್ತೆ. ಅಮ್ಮ ಚೀಲದ ಮಾತು ಬಿಟ್ಟಿದಾರೆ.

ಪಾಷಾಣದ ಬಗ್ಗೆ ಒಂದು ಮಾತು. ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಕೂಡಲೇ ಸಾಯಲ್ಲ, ನಾಲ್ಕಾರು ದಿನ ತೂಕಡಿಸ್ತಾ ಓಡಾಡುತ್ತೆ. ಅಂಥದ್ದನ್ನ ಬೆಕ್ಕು ಸುಲಭಕ್ಕೆ ಹಿಡಿದು ತಿನ್ನುತ್ತೆ, ಒಳಗೇ ರಕ್ತಸ್ರಾವ ಆಗಬಹುದು. ಅನುಮಾನ ಬಂದ್ರೆ ಕಾಯದೆ ಪಶುವೈದ್ಯರ ಹತ್ರ ಹೋಗಿ, ವಿಟಮಿನ್ ಕೆ1 ಕೊಡ್ತಾರೆ.

ಕರಿ ಬೆಕ್ಕಿನ ಮರಿ ಮೂರಿವೆ, ಹಾಲು ಬಿಟ್ಟಿವೆ. ಬೇಕಾದವರು ಮನೆಗೆ ಬನ್ನಿ. ಅಟ್ಟದಲ್ಲಿ ಬಿಲ್ಲೆ ಇಡೋ ಮನೆಗೆ ಮಾತ್ರ ಕೊಡಲ್ಲ.