ಅಟ್ಟದ ಮೇಲಿನ ಫೈನಾನ್ಸ್

ಪಿಯುಸಿ ಫಲಿತಾಂಶ ಬಂದ ವಾರ ಯಲ್ಲದಕೆರೆಯಲ್ಲಿ ಎಲ್ಲರೂ ಶಿಕ್ಷಣ ತಜ್ಞರೇ. ಬಿಬಿಎ ಸೇರುತ್ತೇನೆ ಅಂದ ಹುಡುಗನಿಗೆ ಟೀ ಅಂಗಡಿ ಬೆಂಚಿನಲ್ಲೇ ಕೌನ್ಸೆಲಿಂಗ್ ಆಗುತ್ತದೆ. ಮಾತುಗಾರನಾದರೆ ಮಾರ್ಕೆಟಿಂಗ್ ತಗೋ ಅನ್ನುತ್ತಾರೆ. ಬೆಂಗಳೂರಿನ ನೆಂಟರ ಹುಡುಗಿಯ ಸಂಬಳ ಕಿವಿಗೆ ಬಿದ್ದವರು ಎಚ್‌ಆರ್ ಅನ್ನುತ್ತಾರೆ. ರಾತ್ರಿಯೆಲ್ಲ ಮೊಬೈಲ್ ನೋಡುವವರದ್ದು ಒಂದೇ ಮಂತ್ರ, ಡೇಟಾ ಅನಲಿಟಿಕ್ಸ್.

ಮೇಜರ್, ಮೈನರ್ ಎಂಬ ಮಾತು ಈ ಕಡೆಯ ಮನೆಗಳಿಗೆ ಬಂದದ್ದು 2021ರಲ್ಲಿ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ಕೀರ್ತಿ ಕರ್ನಾಟಕದ್ದು. ಆಮೇಲೆ ಸರ್ಕಾರ ಬದಲಾಯಿತು, ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಬಂತು, 2024-25ರಿಂದ ಪದವಿ ಮತ್ತೆ ಮೂರೇ ವರ್ಷಕ್ಕೆ ನಿಂತಿತು. ಅಣ್ಣನ ಸಿಲೆಬಸ್ಸಿನ ಗೈಡು ತಮ್ಮನಿಗೆ ಬರಲಿಲ್ಲ. ರದ್ದಿಯವನಿಗೆ ಲಾಭ.

ಆಯ್ಕೆ ಎಂಬುದೂ ಬಹುಪಾಲು ಅರ್ಜಿಯಲ್ಲಿರುವ ಸೌಕರ್ಯ. ತಾಲ್ಲೂಕು ಊರಿನ ಕಾಲೇಜಿನಲ್ಲಿ ಆ ವರ್ಷ ಯಾವ ಅತಿಥಿ ಉಪನ್ಯಾಸಕರು ಸಿಕ್ಕರೋ ಅದೇ ನಿಮ್ಮ ಎಲೆಕ್ಟಿವ್. ಹಾಗಾಗಿ ನನ್ನ ಸಲಹೆ ಇಷ್ಟೆ: ಸೇರುವ ಮೊದಲು ಪ್ರಾಸ್ಪೆಕ್ಟಸ್ ಓದಬೇಡಿ, ಕೊನೆಯ ವರ್ಷದ ಹುಡುಗರನ್ನು ಹಿಡಿದು, ಯಾವ ಕ್ಲಾಸು ನಿಜವಾಗಿ ನಡೆಯುತ್ತದೆ ಕೇಳಿ.

ನನ್ನನ್ನು ಕೇಳಿದರೆ ಮೇಜರ್ ಫೈನಾನ್ಸ್ ಅನ್ನುತ್ತೇನೆ. ಮಾರಾಟದ ಮಾತು ಹುಳಿಯಾರು ಸಂತೆಯಲ್ಲಿ ಕಲಿಯಬಹುದು, ಬ್ಯಾಲೆನ್ಸ್ ಶೀಟನ್ನು ಯಾರಾದರೂ ಕೂರಿಸಿಕೊಂಡು ಹೇಳಿಕೊಡಬೇಕು. ಮೈನರ್ ಲಾಜಿಸ್ಟಿಕ್ಸ್ ಇರಲಿ. ಹಿರಿಯೂರಿನಲ್ಲಿ 48 ಮತ್ತು 150ಎ ಹೆದ್ದಾರಿಗಳು ಕೂಡುತ್ತವೆ, ಲಾರಿ ನಿಲ್ಲದ ದಿನವಿಲ್ಲ.

ಅಕ್ಕನ ಮಗ ಒಪ್ಪಲಿಲ್ಲ. 'ಫೈನಾನ್ಸ್ ಅಂದ್ರೆ ಬ್ಯಾಂಕ್ ಕೆಲಸ ಅಲ್ವಾ ಮಾವ? ನಮ್ಮೂರಲ್ಲಿ ಅದೇನಿದೆ?' ಅಂದ. ಅವರ ಮನೆಯ ಅಟ್ಟ ತೋರಿಸಿದೆ. ಈ ಸೀಮೆಯಲ್ಲಿ ಉಂಡೆ ಕೊಬ್ಬರಿಗೆಂದು ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನಬೇಕು. ಭಾವ ಒಂದು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ, 'ಇನ್ನೂ ಹಸಿ' ಎಂದು ವಾಪಸ್ ಎಸೆದರು. ಆ ಕಿವಿಗೆ ಯಾವ ಕಾಲೇಜೂ ಬೇಕಿಲ್ಲ. ಆದರೆ ಹತ್ತು ಸಾವಿರ ಕಾಯಿ, ಕಾಯಿಗೆ ಹದಿನೈದು ರೂಪಾಯಿ ಎಂದು ಹಿಡಿದರೂ ಒಂದೂವರೆ ಲಕ್ಷ ಅಟ್ಟದ ಮೇಲೆ ಮಲಗಿದೆ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಂತೆ ಹನ್ನೊಂದು ತಿಂಗಳಿಗೆ 16,500. ಇದನ್ನು ಭಾವ ಯಾವತ್ತೂ ಖರ್ಚಿಗೆ ಬರೆದವರಲ್ಲ. 2023ರಲ್ಲಿ ಕೊಬ್ಬರಿ ಕ್ವಿಂಟಾಲಿಗೆ 11,750ರ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗಿಳಿಯಿತು, 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಅದರ ಎರಡರಷ್ಟನ್ನೂ ದಾಟಿತು. ಹಸಿ ಕಾಯಿ ಮಾರುವುದೋ, ಕೊಬ್ಬರಿ ಮಾಡುವುದೋ, ಎಷ್ಟು ದಿನ ಕಾಯುವುದೋ ಎಂದು ಹೇಳಬಲ್ಲ ಒಬ್ಬ ಪದವೀಧರ ನಮ್ಮಲ್ಲಿಲ್ಲ. ಇದ್ದವರೆಲ್ಲ ಬೆಂಗಳೂರಿನಲ್ಲಿ ಕ್ರೆಡಿಟ್ ಕಾರ್ಡ್ ಮಾರುತ್ತಿದ್ದಾರೆ.

ಹುಡುಗ ಮೊಬೈಲಿನಲ್ಲಿ ಲೆಕ್ಕ ಒತ್ತಿ ನೋಡಿದ. ಬಡ್ಡಿ ಸರಿಯಾಗಿತ್ತು. 'ಮಾವ, ಅಟ್ಟಕ್ಕೂ ಬಾಡಿಗೆ ಹಿಡೀಬೇಕಲ್ವಾ?' ಅಂದ. ಭಾವನಿಗೆ ಸಿಟ್ಟು ಬಂತು.