ಹಳದಿಯೋ, ಹಸಿರೋ?

ಕಳೆದ ವರ್ಷ ದಸರಾ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಮುರ್ಡೇಶ್ವರಕ್ಕೆ ಹೋಗಿದ್ದೆವು. ಆರನೇ ತರಗತಿಯ ಹುಡುಗಿ. ದೇವಸ್ಥಾನ, ಗೋಪುರ ಎಲ್ಲ ನೋಡಿದ್ದಾಯಿತು. ಆದರೆ ಅವಳ ಮನಸ್ಸು ನೆಟ್ಟಿದ್ದು ಮಾತ್ರ ಕಡಲ ತಡಿಯ ಬಂಡೆಗಳ ನಡುವೆ ನೀರು ನಿಂತಿದ್ದ ಒಂದು ಗುಂಡಿಯಲ್ಲಿ. ಅದರೊಳಗೆ ಬೆರಳುದ್ದದ ಎರಡು ಮೀನು, ಒಂದು ಪುಟ್ಟ ಏಡಿ. ಒಂದು ಗಂಟೆ ಅಲ್ಲಿಂದ ಏಳಲಿಲ್ಲ.

“ತಾತ, ಈ ಗುಂಡಿಯನ್ನ ಹೀಗೇ ಎತ್ಕೊಂಡು ಮೈಸೂರಿಗೆ ಹೋಗೋಕೆ ಆಗಲ್ವಾ?”

ನಾನು ಪ್ರೌಢಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು. ಮಾಡಲಾಗದು ಎಂಬ ಮಾತು ನಮ್ಮ ಕಸುಬಿನವರ ಬಾಯಲ್ಲಿ ಬೇಗ ಬರುವುದಿಲ್ಲ. “ಎತ್ಕೊಂಡು ಹೋಗೋಕೆ ಆಗಲ್ಲ, ಮನೆಯಲ್ಲೇ ಮಾಡಬಹುದು” ಎಂದುಬಿಟ್ಟೆ. ಪಕ್ಕದಲ್ಲಿದ್ದ ನನ್ನಾಕೆ, “ಇನ್ನು ಹಾಲ್ ಮುಗೀತು” ಎಂದಳು.

ಊರಿಗೆ ಬಂದ ಮೇಲೆ ಅಂಗಡಿಗಳನ್ನು ವಿಚಾರಿಸಿದೆವು. ಉಪ್ಪುನೀರಿನ ಅಕ್ವೇರಿಯಂ ಮಾಡುವುದಾದರೆ ಚಿಕ್ಕದಕ್ಕಿಂತ ದೊಡ್ಡದೇ ಸುಲಭ ಎಂಬುದು ನನಗೆ ಮೊದಲು ವಿಚಿತ್ರವೆನಿಸಿತು. ಯೋಚಿಸಿದರೆ ಸರಿಯೇ. ಲೋಟದ ನೀರು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹಂಡೆಯ ನೀರು ಎರಡನ್ನೂ ನಿಧಾನವಾಗಿ ಮಾಡುತ್ತದೆ. ಸಮುದ್ರದ ಮೀನಿಗೆ ಏರಿಳಿತ ಆಗದು. ನೀರು ಹೆಚ್ಚಿದ್ದಷ್ಟೂ ಏರಿಳಿತ ಕಡಿಮೆ. ಹಾಗಾಗಿ ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ ಎಂದು ತೀರ್ಮಾನವಾಯಿತು.

ಲೆಕ್ಕ ಮಾಡುವ ಕೆಲಸ ಮೊಮ್ಮಗಳದು. ಒಟ್ಟು ೨೦ ಘನ ಅಡಿ. ಒಂದು ಘನ ಅಡಿಯಲ್ಲಿ ಸುಮಾರು ೨೮.೩ ಲೀಟರ್ ನೀರು ಹಿಡಿಯುತ್ತದೆ. ಅಂದರೆ ೫೬೬ ಲೀಟರ್. ಮೇಲೆ ಬಿಡುವ ಜಾಗ, ಒಳಗಿನ ಮರಳು ಮತ್ತು ಕಲ್ಲು ಕಳೆದರೆ ಸುಮಾರು ೫೦೦ ಲೀಟರ್. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಅದಕ್ಕೆ ೧೨ ಮಿಲಿಮೀಟರ್ ದಪ್ಪದ ಗಾಜಿನ ತೂಕ ನೂರು ಕಿಲೋ, ಮರಳು ಕಲ್ಲು ಎಂಬತ್ತು ಕಿಲೋ ಸೇರಿಸಿ. ಅವಳು ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. “ತಾತ, ಇದು ಒಂದು ಪುಟ್ಟ ಕಾರಿನಷ್ಟು ತೂಕ. ಅದನ್ನ ಮೇಜಿನ ಮೇಲೆ ಇಡ್ತೀವಾ?”

ಮಕ್ಕಳೇ, ನಲ್ಲಿಯಿಂದ ಸುರಿಯುವ ನೀರು ಹಗುರ ಎಂದು ನಮಗೆಲ್ಲ ಒಂದು ಭ್ರಮೆ. ನಮ್ಮದು ನೆಲಮಹಡಿಯ ಮನೆ. ಮೇಲಿನ ಮಹಡಿಯಾಗಿದ್ದರೆ ಎಂಜಿನಿಯರನ್ನು ಕೇಳದೆ ಮುಂದುವರಿಯುತ್ತಿರಲಿಲ್ಲ.

ಹಳ್ಳಿಯ ಮನೆ ಕೆಡವಿದಾಗ ತಂದಿಟ್ಟಿದ್ದ ಹೊನ್ನೆ ತೊಲೆಗಳು ಹಿತ್ತಲಿನಲ್ಲಿದ್ದವು. ಸ್ಟ್ಯಾಂಡ್ ಮಾಡಲು ಅವನ್ನೇ ಸೀಳಿಸಿದೆ. ಮೊಮ್ಮಗಳಿಗೆ ಮೊದಲ ಪಾಠ: ಸ್ಕ್ರೂ ಮರವನ್ನು ಹಿಡಿದುಕೊಳ್ಳಬೇಕು, ಭಾರ ಹೊರಬಾರದು. ಮೇಲಿನ ಚೌಕಟ್ಟನ್ನು ಕಾಲುಗಳ ಪಕ್ಕಕ್ಕೆ ಸ್ಕ್ರೂ ಹೊಡೆದು ನೇತುಹಾಕಿದರೆ ಏಳುನೂರು ಕಿಲೋ ಭಾರವೂ ಆ ನಾಲ್ಕಾರು ಸ್ಕ್ರೂಗಳ ಮೇಲೆ ಬೀಳುತ್ತದೆ. ಚೌಕಟ್ಟು ಕಾಲುಗಳ ತಲೆಯ ಮೇಲೆಯೇ ಕೂರಬೇಕು. ಆಗ ಭಾರ ಮರದಿಂದ ಮರಕ್ಕೆ, ಮರದಿಂದ ನೆಲಕ್ಕೆ ನೇರವಾಗಿ ಇಳಿಯುತ್ತದೆ. ಹೀಗೆ ಆರು ಕಾಲು, ಮೇಲೂ ಕೆಳಗೂ ಚೌಕಟ್ಟು, ಹಿಂಬದಿಗೆ ಅಲುಗದಂತೆ ಒಂದು ಪ್ಲೈವುಡ್ ಹಲಗೆ, ಮೇಲ್ಭಾಗಕ್ಕೆ ನೀರು ತಡೆಯುವ ಮೆರೈನ್ ಪ್ಲೈವುಡ್. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ, ಆದ್ದರಿಂದ ಸ್ಕ್ರೂಗಳೆಲ್ಲ ಸ್ಟೇನ್‌ಲೆಸ್ ಸ್ಟೀಲ್. ಮೂರು ಕೈ ವಾರ್ನಿಷ್ ಬಳಿದೆ. “ತಾತ, ಈ ಮೂಲೆಗೆ ಬಳಿದೇ ಇಲ್ಲ” ಎಂದು ಅವಳು ಎರಡು ಕಡೆ ತೋರಿಸಿದಳು. ನೆರಳಿನಲ್ಲಿ ಕಾಣಲಿಲ್ಲ ಎಂದೆ.

ಮಟ್ಟ ನೋಡಲು ಗಾರೆ ಕೆಲಸದವರ ಉಪಾಯ ಬಳಸಿದೆವು. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಎರಡು ತುದಿಗಳನ್ನು ಎರಡು ಮೂಲೆಗೆ ಹಿಡಿದರೆ, ನೀರು ಎರಡೂ ಕಡೆ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಎಡಗಡೆ ಮೂರು ಮಿಲಿಮೀಟರ್ ತಗ್ಗು ಎಂದು ಅವಳೇ ಓದಿ ಹೇಳಿದಳು. ಕಾಲಿನ ಕೆಳಗೆ ತೆಳ್ಳನೆಯ ಚಕ್ಕೆ ಕೊಟ್ಟು ಸರಿಮಾಡಿದೆ. ಸ್ಟ್ಯಾಂಡ್ ಮತ್ತು ಗಾಜಿನ ನಡುವೆ ಥರ್ಮೋಕೋಲ್ ಹಾಳೆ ಹಾಸಿದೆವು. ಒಂದು ಕಡಲೆಕಾಳಿನಷ್ಟು ಉಬ್ಬು ಗಾಜಿನಡಿ ಇದ್ದರೂ ಭಾರವೆಲ್ಲ ಅಲ್ಲೇ ಒತ್ತಿ ತಳ ಸೀಳಬಹುದು. ಗಾಜಿನ ತೊಟ್ಟಿ ಬಂದ ಮೇಲೆ ಬರೀ ಸಿಹಿನೀರು ತುಂಬಿ ನಾಲ್ಕು ದಿನ ಕಾದೆವು. ಹನಿ ಸೋರಲಿಲ್ಲ.

ಆಮೇಲೆ ಉಪ್ಪು. “ಅಡುಗೆಮನೆಯ ಉಪ್ಪು ಹಾಕಿದ್ರೆ ಆಗಲ್ವಾ?” ಎಂದು ಅಜ್ಜಿ ಕೇಳಿದಳು. ನಾನು ಹುಟ್ಟಿದ್ದು ಗೋಕರ್ಣದ ಹತ್ತಿರ. ಸಾಣಿಕಟ್ಟೆಯ ಉಪ್ಪಿನಗದ್ದೆಗಳನ್ನು ನೋಡುತ್ತ ಬೆಳೆದವನು. ಗದ್ದೆಯಲ್ಲಿ ಸಮುದ್ರದ ನೀರು ಬಿಸಿಲಿಗೆ ಬತ್ತುವಾಗ ಸುಣ್ಣದಂಶ ಬಹಳಷ್ಟು ಮೊದಲೇ ಬೇರ್ಪಡುತ್ತದೆ. ನಂತರ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿಯುವ ಕಹಿನೀರಿನೊಂದಿಗೆ ಮೆಗ್ನೀಷಿಯಂ ಹೊರಟುಹೋಗುತ್ತದೆ. ನಮ್ಮ ಸಾರಿಗೆ ಅಷ್ಟು ಸಾಕು, ಮೀನಿಗೆ ಸಾಲದು. ಆದ್ದರಿಂದ ಎಲ್ಲ ಲವಣಗಳೂ ಸೇರಿರುವ ಸಿದ್ಧ ಮಿಶ್ರಣವನ್ನೇ ತರಬೇಕು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣ ಇರುತ್ತದೆ. ನಮ್ಮ ೫೦೦ ಲೀಟರಿಗೆ ಹದಿನೇಳೂವರೆ ಕಿಲೋ! ಆರ್‌ಓ ನೀರಿಗೆ ಅದನ್ನು ಕಲಸಿ, ಪಂಪ್ ಹಚ್ಚಿ, ಎರಡು ದಿನ ಸುತ್ತಿಸಿದೆವು.

ಪಂಪಿನ ಸದ್ದು ಕೇಳುತ್ತ ಕುಳಿತಿದ್ದಾಗ ಅವಳಿಗೊಂದು ಕತೆ ಹೇಳಿದೆ. ೧೮೪೬ರಲ್ಲಿ ಇಂಗ್ಲೆಂಡಿನ ಅನ್ನಾ ಥಿನ್ ಎಂಬ ಮಹಿಳೆ ಟಾರ್ಕಿ ಎಂಬ ಕಡಲೂರಿನಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದರು. ಆಗ ಕರೆಂಟಿಲ್ಲ, ಪಂಪಿಲ್ಲ. ನೀರಿಗೆ ಗಾಳಿ ಬೆರೆಯಬೇಕಲ್ಲ? ಅವರ ಮನೆಗೆಲಸದ ಹೆಂಗಸು ತೆರೆದ ಕಿಟಕಿಯ ಮುಂದೆ ನಿಂತು ದಿನವೂ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ಯುತ್ತಿದ್ದಳು, ನಾವು ಕಾಫಿ ಆರಿಸುವ ಹಾಗೆ. ಕೆಲವೇ ವರ್ಷಗಳ ನಂತರ, ೧೮೫೩ರಲ್ಲಿ, ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೊದಲ ಅಕ್ವೇರಿಯಂ ತೆರೆಯಿತು.

“ಹಾಗಾದ್ರೆ ನಮಗೂ ಹವಳ ಬೇಕು” ಎಂದಳು. ಅದಾಗದು ಮಗೂ ಎಂದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ, ನಿಜ. ಆದರೆ ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ, ಆನೆಗಳಂತೆ ಬಂಡೆ ಕಟ್ಟುವ ಹವಳಗಳನ್ನೂ ಕಾಯುತ್ತದೆ. ಒಂದು ತುಂಡನ್ನೂ ಕೀಳುವಂತಿಲ್ಲ. ಹಾಗಾಗಿ ನಾವು ಕೃತಕ ಕಲ್ಲು ಜೋಡಿಸಿದೆವು. ಮೀನು ಕೂಡ ಸಮುದ್ರದಿಂದ ಹಿಡಿದದ್ದು ಬೇಡ, ಮರಿಕೇಂದ್ರದಲ್ಲೇ ಹುಟ್ಟಿದ ಕ್ಲೌನ್ ಮೀನು ಸಾಕು ಎಂದು ಅವಳೇ ಹೇಳಿದಳು. ಕಿತ್ತಳೆ ಮೈಗೆ ಬಿಳಿ ಪಟ್ಟೆ; ಸಿನಿಮಾದ ನಿಮೋ.

ಇಲ್ಲಿಂದ ಮುಂದೆ ಇರುವುದು ಬರೀ ಕಾಯುವ ಕೆಲಸ. ಮೀನಿನ ಕಸದಿಂದ, ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯ ಹುಟ್ಟುತ್ತದೆ. ಅದು ವಿಷ. ಕಣ್ಣಿಗೆ ಕಾಣದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಅದರಿಂದ ತೊಂದರೆ ಕಡಿಮೆ. ಈ ಎರಡು ಪರಿವಾರಗಳೂ ಕಲ್ಲು, ಮರಳಿನಲ್ಲಿ ಬೆಳೆದು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಖಾಲಿ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕಿ ಅವುಗಳಿಗೆ ಉಣಿಸಬೇಕು.

ಮೊಮ್ಮಗಳು ಅದಕ್ಕೊಂದು ನೋಟುಬುಕ್ಕು ಇಟ್ಟಳು. ಎರಡು ದಿನಕ್ಕೊಮ್ಮೆ ಪುಟ್ಟ ಗಾಜಿನ ನಳಿಗೆಯಲ್ಲಿ ನೀರು ತೆಗೆದು, ಪರೀಕ್ಷೆಯ ದ್ರಾವಣದ ಹನಿ ಹಾಕಿ, ಬಣ್ಣ ನೋಡಿ ಬರೆಯುತ್ತಿದ್ದಳು. ಹಳದಿಯಾದರೆ ಅಮೋನಿಯ ಇಲ್ಲ, ಹಸಿರಾದರೆ ಇದೆ. ಬುಕ್ಕಿನ ತುಂಬ “ಹಸಿರು, ಹಸಿರು, ತಿಳಿಹಸಿರು.”

ಇಪ್ಪತ್ನಾಲ್ಕನೆಯ ದಿನ ಅವಳ ಹುಟ್ಟುಹಬ್ಬ. ಆ ದಿನ ತೊಟ್ಟಿಯಲ್ಲಿ ಮೀನಿರಬೇಕು ಎಂಬುದು ನನ್ನ ಆಸೆ. ನಳಿಗೆಯನ್ನು ಕಿಟಕಿಗೆ ಹಿಡಿದು ನೋಡಿದೆ. “ಹಳದಿ ಬಂತಲ್ಲ!”

“ಇಲ್ಲ ತಾತ, ಇನ್ನೂ ಹಸಿರೇ ಇದೆ.”

“ನಲವತ್ತು ವರ್ಷ ಮರದ ಬಣ್ಣ ನೋಡಿದ ಕಣ್ಣು ಕಣೆ ಇದು. ಹಳದಿ.”

ಅವಳು ಮತ್ತೆ ಮಾತಾಡಲಿಲ್ಲ. ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ಸಂಜೆ ಎರಡು ಕ್ಲೌನ್ ಮೀನು ತಂದು ಬಿಟ್ಟೆ. ಮಕ್ಕಳೆಲ್ಲ ಬಂದು ಚಪ್ಪಾಳೆ ತಟ್ಟಿದರು.

ಮೂರನೆಯ ದಿನ ಬೆಳಗಿನ ಜಾವ ಎದ್ದು ನೋಡಿದರೆ ಒಂದು ಮೀನು ಸತ್ತು ಮರಳಿನ ಮೇಲೆ ಮಲಗಿತ್ತು. ಇನ್ನೊಂದು ಮೂಲೆಯಲ್ಲಿ ಬೇಗಬೇಗ ಉಸಿರೆಳೆಯುತ್ತಿತ್ತು. ಆಗ ನನಗೆ ಹೊಳೆದ ಉಪಾಯವನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಸತ್ತದ್ದನ್ನು ಗಿಡದ ಬುಡದಲ್ಲಿ ಹೂಳುವುದು. ಅವಳು ಶಾಲೆಗೆ ಹೋದ ಮೇಲೆ ಅಂಥದ್ದೇ ಇನ್ನೊಂದು ತಂದು ಬಿಡುವುದು. ಮಗುವಿಗೆ ಏಕೆ ನೋವು ಕೊಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಬಲೆ ಹಾಕಿ ಮೀನನ್ನು ಎತ್ತಿ ತಿರುಗಿದರೆ ಅವಳು ಹಿಂದೆಯೇ ನಿಂತಿದ್ದಾಳೆ.

ಅಳಲಿಲ್ಲ, ಬೈಯಲಿಲ್ಲ. ನೋಟುಬುಕ್ಕು ತಂದು ಹುಟ್ಟುಹಬ್ಬದ ದಿನದ ಪುಟ ತೆರೆದು ತೋರಿಸಿದಳು. “ನನಗೆ ಹಸಿರು. ತಾತನಿಗೆ ಹಳದಿ” ಎಂದು ಎರಡು ಸಾಲು. “ತಪ್ಪು ನಂದು” ಎಂದೆ. ಅಷ್ಟು ಹೇಳಲು ನನಗೆ ಕಷ್ಟವಾಯಿತು.

ಡ್ರಮ್ಮಿನಲ್ಲಿ ಕಲಸಿಟ್ಟಿದ್ದ ನೂರು ಲೀಟರ್ ಉಪ್ಪುನೀರಿತ್ತು. ಇಬ್ಬರೂ ಸೇರಿ ಹಳೆಯ ನೀರು ತೆಗೆದು ಅದನ್ನು ತುಂಬಿದೆವು. ಅಂಗಡಿ ತೆರೆಯುತ್ತಲೇ ಉಳಿದ ಮೀನನ್ನು ಅಲ್ಲಿಗೆ ಒಯ್ದೆ. ಅಂಗಡಿಯವರು ತಮ್ಮ ತೊಟ್ಟಿಯಲ್ಲಿ ಇಟ್ಟುಕೊಂಡರು, ಅದು ಬದುಕಿತು.

ಸಂಜೆ ಶಾಲೆಯಿಂದ ಬಂದವಳೇ ತನ್ನ ಬಣ್ಣದ ಕಾಗದಗಳನ್ನು ಹರಡಿ ನನ್ನನ್ನು ಎದುರು ಕೂರಿಸಿದಳು. “ತಾತ, ಇದು ಯಾವ ಬಣ್ಣ? ಇದು?” ಕಡುಹಸಿರು ಸರಿಯಾಗಿ ಹೇಳಿದೆ. ತಿಳಿಹಳದಿ, ತಿಳಿಹಸಿರು, ಬಿಳಿ, ಕೆನೆ ಬಣ್ಣಗಳಲ್ಲಿ ಎಡವಿದೆ. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಆಗ ಇನ್ನೊಂದು ವಿಷಯವನ್ನೂ ಹೇಳಬೇಕಾಯಿತು. ವರ್ಷದ ಹಿಂದೆಯೇ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದಿದ್ದರು. ಬೇಸಿಗೆ ಕಳೆಯಲಿ, ಮಳೆ ಕಳೆಯಲಿ ಎಂದು ಮುಂದೂಡುತ್ತ ಬಂದಿದ್ದೆ. ಭಯವಿತ್ತು. ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ; ಲೋಕವನ್ನೆಲ್ಲ ಹಳದಿ ಗಾಜಿನ ಹಿಂದೆ ನಿಂತು ನೋಡಿದ ಹಾಗೆ. ಅದು ಎಷ್ಟು ನಿಧಾನವಾಗಿ ಆಗುತ್ತದೆಂದರೆ, ನೋಡುವವನಿಗೇ ತಿಳಿಯುವುದಿಲ್ಲ. ವಾರ್ನಿಷ್ ತಪ್ಪಿದ್ದು ನೆರಳಿನಿಂದಲ್ಲ.

ಮುಂದಿನ ವಾರವೇ ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದೆ. ಮರುದಿನ ಪಟ್ಟಿ ಬಿಚ್ಚಿದ ಮೇಲೆ ಹಾಲ್‌ಗೆ ಕಾಲಿಟ್ಟು, “ಗೋಡೆಗೆ ಯಾವಾಗ ಬಿಳಿ ಬಣ್ಣ ಹೊಡೆಸಿದ್ರಿ?” ಎಂದು ಕೇಳಿದೆ. ಅದು ಮೂರು ವರ್ಷದಿಂದ ಬಿಳಿಯೇ ಇತ್ತು. ತೊಟ್ಟಿಯ ಹಿಂದೆ ಅಂಟಿಸಿದ್ದ ನೀಲಿ ಹಾಳೆಯ ನಿಜವಾದ ನೀಲಿಯನ್ನು ಅಂದೇ ನಾನು ಕಂಡದ್ದು.

ನಲವತ್ತೊಂದನೆಯ ದಿನ ನಳಿಗೆಯ ನೀರು ಹಳದಿಗೆ ತಿರುಗಿತು. ಅವಳು ನೋಡಿದಳು, ನಾನೂ ನೋಡಿದೆ. ಆದರೂ ಒಂದು ವಾರ ಕಾದೆವು; ನೈಟ್ರೈಟ್ ಕೂಡ ಇಳಿಯಲಿ ಎಂದು. ಆಮೇಲೆ ಅಂಗಡಿಯಲ್ಲಿದ್ದ ನಮ್ಮ ಮೀನು ಮನೆಗೆ ಬಂತು. ತಿಂಗಳ ನಂತರ ಅದಕ್ಕೊಂದು ಚಿಕ್ಕ ಜೊತೆ. ಕ್ಲೌನ್ ಮೀನುಗಳಲ್ಲಿ ಎಲ್ಲವೂ ಮೊದಲು ಗಂಡೇ ಆಗಿರುತ್ತವಂತೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಮನೆ ಅದರದೇ ಆಳ್ವಿಕೆ. ಇದನ್ನು ಕೇಳಿದಾಗಿನಿಂದ ಅಜ್ಜಿಗೆ ತೊಟ್ಟಿಯ ಮೇಲೆ ಗೌರವ ಬಂದಿದೆ. ಅವರೆಕಾಯಿ ಸುಲಿಯುವುದು ಈಗ ಅದರ ಮುಂದೆಯೇ.

ದಿನವೂ ಬೆಳಿಗ್ಗೆ ತೊಟ್ಟಿಯ ನೀರು ಒಂದಿಷ್ಟು ಇಳಿದಿರುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಗೆರೆ ಮುಟ್ಟುವ ತನಕ ಸಿಹಿನೀರನ್ನೇ ತುಂಬುತ್ತೇನೆ. ಅದು ನನ್ನ ಕೆಲಸ. ಬಣ್ಣ ನೋಡುವುದು ಇಬ್ಬರ ಕೆಲಸ. ನೋಟುಬುಕ್ಕಿನ ಮೊದಲ ಪುಟದಲ್ಲಿ ಅವಳು ಒಂದು ನಿಯಮ ಬರೆದಿದ್ದಾಳೆ: “ಇಬ್ಬರಿಗೂ ಹಳದಿ ಕಂಡರೆ ಮಾತ್ರ ಹಳದಿ.” ಕೆಳಗೆ ನನ್ನ ಸಹಿ ಹಾಕಿಸಿಕೊಂಡಿದ್ದಾಳೆ. ಇನ್ನೊಂದು ಕಣ್ಣಿನ ಶಸ್ತ್ರಚಿಕಿತ್ಸೆಯ ತಾರೀಖನ್ನೂ ಅದೇ ಪುಟದಲ್ಲಿ ಬರೆದಿಟ್ಟಿದ್ದಾಳೆ. ಈ ಸಲ ಮುಂದೂಡುವ ಹಾಗಿಲ್ಲ.